‘ಹುಷಾರಿರಲಿಲ್ಲ, ಕೆಲಸ ಬಿಟ್ಟೆ’ ಎಂದವರನ್ನು ನಂಬೋಣ

ಕೆಲಸ ಬಿಡುವುದಕ್ಕೂ ಒಂದು ಪದ್ಧತಿ ಇದೆ. ರಾಜೀನಾಮೆ ಕೊಡಬೇಕು. ಕಂಪನಿಯ ನಿಯಮದಂತೆ ಒಂದು ತಿಂಗಳೋ ಮೂರು ತಿಂಗಳೋ ನೋಟಿಸ್ ಪೀರಿಯಡ್ ಮುಗಿಸಬೇಕು. ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕು. ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿ, ರಿಲೀವಿಂಗ್ ಲೆಟರ್ ತೆಗೆದುಕೊಂಡು ಹೊರಗೆ ಬರಬೇಕು. ಒಳ್ಳೆಯ ಪದ್ಧತಿಯೇ. ಆದರೆ ಇದನ್ನು ಪಾಲಿಸಲು ಮೈಯಲ್ಲಿ ಶಕ್ತಿ ಇರಬೇಕು.

ಒಬ್ಬರಿಗೆ ವಾರಗಟ್ಟಲೆ ಜ್ವರ, ಕೊನೆಗೊಂದು ರಾತ್ರಿ ಕೆಮ್ಮಿನಲ್ಲಿ ರಕ್ತ. ಇನ್ನೊಬ್ಬರಿಗೆ ಬೆಳಿಗ್ಗೆ ಏಳುವಾಗ ಕಾಲು ಸ್ವಾಧೀನದಲ್ಲಿಲ್ಲ. ಮತ್ತೊಬ್ಬರಿಗೆ ಖಿನ್ನತೆ ಎಷ್ಟು ಬಲಿತಿದೆಯೆಂದರೆ ರಿಂಗಾಗುವ ಫೋನ್ ಎತ್ತುವುದೂ ಆಗುತ್ತಿಲ್ಲ. ಮನೆಯವರು ಆಸ್ಪತ್ರೆ, ಹಣ, ರಕ್ತ ಎಂದು ಓಡಾಡುತ್ತಿರುತ್ತಾರೆ. ಆಫೀಸಿನ ಇಮೇಲ್ ನೋಡಲು ಅವರಿಗೆ ಪಾಸ್‌ವರ್ಡ್ ಕೂಡ ಗೊತ್ತಿರುವುದಿಲ್ಲ. ಅತ್ತ ಆಫೀಸಿನಲ್ಲಿ ಒಂದು ನೆನಪೋಲೆ ಹೋಗುತ್ತದೆ, ಆಮೇಲೆ ಎಚ್ಚರಿಕೆ ಪತ್ರ, ಆಮೇಲೆ ದಾಖಲೆಯಲ್ಲಿ ‘ಅಬ್‌ಸ್ಕಾಂಡಿಂಗ್’ ಎಂಬ ಒಂದು ಟಿಪ್ಪಣಿ. ಹಾಸಿಗೆಯಿಂದ ಏಳಲಾಗದೆ ಮಲಗಿದ್ದವರು ಕಾಗದದ ಮೇಲೆ ತಲೆಮರೆಸಿಕೊಂಡವರಾಗುತ್ತಾರೆ.

ಕೆಲವು ತಿಂಗಳ ನಂತರ ಅವರು ಗುಣವಾಗುತ್ತಾರೆ. ಮನೆಯಲ್ಲಿ ಸಾಲ ಬೆಳೆದಿರುತ್ತದೆ. ಕೆಲಸ ಬೇಕು. ಸಂದರ್ಶನಕ್ಕೆ ಹೋಗಿ ಕೂರುತ್ತಾರೆ. ಎದುರಿನವರು ರೆಸ್ಯೂಮ್‌ನಲ್ಲಿ ಎರಡು ದಿನಾಂಕಗಳ ನಡುವಿನ ಜಾಗ ನೋಡಿ ಕೇಳುತ್ತಾರೆ: ‘ಯಾಕೆ ಇದ್ದಕ್ಕಿದ್ದಂತೆ ಬಿಟ್ಟಿರಿ?’

ಈ ಪ್ರಶ್ನೆಯ ಬಗ್ಗೆಯೇ ನಾನು ಬರೆಯುತ್ತಿರುವುದು. ಪ್ರಶ್ನೆ ತಪ್ಪಲ್ಲ. ಕೆಲಸ ಕೊಡುವವರಿಗೆ ಕೇಳುವ ಹಕ್ಕಿದೆ. ಆದರೆ ಉತ್ತರ ಕೇಳಿಸಿಕೊಂಡ ಮೇಲೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ವರ್ಷಗಳು ನಿಂತಿರುತ್ತವೆ.

ನನಗೆ ಪರಿಚಯವಿರುವ ಒಬ್ಬ ಹೆಣ್ಣುಮಗಳು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸುವುದು ಅವರ ಹೊಣೆ. ಖರೀದಿ ಪುಸ್ತಕಕ್ಕೂ ಪೋರ್ಟಲ್‌ನ 2ಬಿ ಪಟ್ಟಿಗೂ ತಾಳೆ ನೋಡಿ, ಯಾವ ಸರಬರಾಜುದಾರ ಬಿಲ್ ಹಾಕಿಲ್ಲ ಎಂದು ಹುಡುಕಿ, ಫೋನ್ ಮಾಡಿ ಹಾಕಿಸುವ ಶ್ರದ್ಧೆಯ ಕೆಲಸ. ಒಂದು ತಿಂಗಳು ಆ ಗಡುವಿಗೆ ಮುಂಚೆಯೇ ಆಸ್ಪತ್ರೆ ಸೇರಿದರು. ಕ್ಷಯ ಎಂದು ಗೊತ್ತಾಯಿತು. ಮತ್ತೆ ಆ ಆಫೀಸಿಗೆ ಹೋಗಲಾಗಲಿಲ್ಲ. ಗುಣವಾದ ಮೇಲೆ ಹೋದ ಸಂದರ್ಶನಗಳಲ್ಲಿ ಅವರಿಗೆ ಎದುರಾದ ಪ್ರಶ್ನೆಗಳು ಇವು: ಮದುವೆ ನಿಶ್ಚಯವಾಗಿತ್ತೆ? ಅಲ್ಲಿ ಏನಾದರೂ ಜಗಳವಾಯಿತೆ? ಬೇರೆ ಕಡೆ ಸೇರಿ, ಅಲ್ಲಿಯೂ ಬಿಟ್ಟು ಬಂದಿರಾ? 2ಬಿ ತಾಳೆ ನೋಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬ ಹಾರ್ಡ್‌ವೇರ್ ಸಗಟು ವ್ಯಾಪಾರಿ ಕೇಳಿದರು: ‘ಈಗ ಹುಷಾರಾಗಿದ್ದೀರಲ್ಲಮ್ಮ? ಟ್ಯಾಲಿ ಗೊತ್ತಾ?’ ಗೊತ್ತು ಎಂದರು. ಕೆಲಸ ಆಯಿತು.

ಆ ವ್ಯಾಪಾರಿ ದಾನ ಮಾಡಲಿಲ್ಲ. ತಮಗೆ ಬೇಕಾದದ್ದನ್ನು ಕೇಳಿದರು, ಅಷ್ಟೇ.

ಕ್ಷಯದ ವಿಷಯ ಬಂದದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಭಯದ ಬಹುಪಾಲು ಹಳೆಯ ಕಾಲದ್ದು. ಮೈಸೂರಿನ ಕ್ಷಯ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅರಮನೆಯನ್ನೂ ಬಿಡದ ಕಾಯಿಲೆ ಅದು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಅದಕ್ಕೆ ಸರಿಯಾದ ಔಷಧವೇ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ಊರಾಚೆಯ ಸ್ಯಾನಿಟೋರಿಯಂ, ಇಷ್ಟೇ. ರೋಗಿ ಊರಿನಿಂದ ದೂರ ಇರಬೇಕು ಎಂಬ ಭಾವನೆ ಆಗ ಬೇರೂರಿತು. ಆದರೆ 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಒಂದು ಅಧ್ಯಯನ ಇಡೀ ಜಗತ್ತಿನ ಚಿಕಿತ್ಸಾ ಕ್ರಮವನ್ನೇ ಬದಲಿಸಿತು. ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡವರು ಸ್ಯಾನಿಟೋರಿಯಂನಲ್ಲಿ ಇದ್ದವರಂತೆಯೇ ಗುಣವಾದರು. ಅವರ ಮನೆಯವರಿಗೆ ಅದರಿಂದ ಹೆಚ್ಚು ಸೋಂಕು ತಗುಲಲೂ ಇಲ್ಲ. ಇಂದು ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಅದು ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ವೈದ್ಯರು ರೋಗಿಯನ್ನು ಮನೆಯೊಳಗೆ ಇಟ್ಟುಕೊಳ್ಳಬಹುದು ಎಂದು ಹೇಳಿ ಅರವತ್ತು ವರ್ಷ ದಾಟಿದೆ. ಗುಣವಾದವರನ್ನು ಆಫೀಸಿನೊಳಗೆ ಬಿಟ್ಟುಕೊಳ್ಳಲು ನಾವು ಇನ್ನೂ ಹಿಂಜರಿಯುತ್ತಿದ್ದೇವೆ.

ರಜೆಯ ಲೆಕ್ಕ ನೋಡಿದರೆ ಇಷ್ಟು ಜನ ಏಕೆ ಇದ್ದಕ್ಕಿದ್ದಂತೆ ಕೆಲಸ ಬಿಡಬೇಕಾಗುತ್ತದೆ ಎಂಬುದೂ ತಿಳಿಯುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನಗಳ ಕಾಯಿಲೆ ರಜೆ ಕೊಡುತ್ತದೆ. ಆರು ತಿಂಗಳ ಔಷಧ, ತಿಂಗಳುಗಟ್ಟಲೆ ಕೀಮೋಥೆರಪಿ, ವಾರಕ್ಕೆ ಎರಡು ಮೂರು ಬಾರಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆ ರಜೆ ಎಲ್ಲಿಗೆ ಸಾಲುತ್ತದೆ? ಇಎಸ್‌ಐ ವ್ಯಾಪ್ತಿಯಲ್ಲಿ ಇರುವವರಿಗೆ ಸ್ವಲ್ಪ ನೆಲೆ ಇದೆ. ವಂತಿಗೆಯ ಷರತ್ತು ಪೂರೈಸಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ವಿಸ್ತರಿಸುವ ಅವಕಾಶವಿದೆ. ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯಬಾರದು ಎಂದು 1948ರ ಇಎಸ್‌ಐ ಕಾಯ್ದೆಯೇ ಹೇಳಿತ್ತು. ಆದರೆ 2017ರಿಂದ ಈ ಸೌಲಭ್ಯಕ್ಕೆ ಸಂಬಳದ ಮಿತಿ ತಿಂಗಳಿಗೆ ₹21,000. ಅದಕ್ಕಿಂತ ತುಸು ಹೆಚ್ಚು ದುಡಿಯುವವರು, ನಾಲ್ಕು ಜನರ ಅಂಗಡಿಯಲ್ಲಿ ಇರುವವರು, ಗುತ್ತಿಗೆಯಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಇದರ ಹೊರಗೇ ಉಳಿಯುತ್ತಾರೆ. ಅವರಿಗೆ ರಜೆ ಮುಗಿದರೆ ಕೆಲಸವೇ ಮುಗಿದಂತೆ. ಬಿಟ್ಟು ಹೋದರು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅವರ ಮುಂದೆ ಬೇರೆ ದಾರಿ ಇರಲಿಲ್ಲ.

ಇನ್ನು ನಿಮ್ಮೊಡನೆ ನೇರವಾಗಿ ಮಾತನಾಡುತ್ತೇನೆ.

ಓದುಗರಲ್ಲಿ ಅನೇಕರು ಒಂದಲ್ಲ ಒಂದು ಬಗೆಯಲ್ಲಿ ಕೆಲಸ ಕೊಡುವವರು. ನೀವು ದೊಡ್ಡ ಕಂಪನಿಯ ಎಚ್‌ಆರ್ ಆಗಿರಬಹುದು, ಶಾಲೆಯ ಆಡಳಿತ ಮಂಡಳಿಯಲ್ಲಿರಬಹುದು, ಪೀಣ್ಯದಲ್ಲಿ ಹತ್ತು ಜನರ ವರ್ಕ್‌ಶಾಪ್ ನಡೆಸುತ್ತಿರಬಹುದು, ಊರಿನ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿರಬಹುದು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮೂವರು ಕೆಲಸ ಮಾಡುವ ಕಡೆ ಒಬ್ಬರು ಹೇಳದೆ ನಿಂತುಬಿಟ್ಟರೆ ಆ ತಿಂಗಳೆಲ್ಲ ನಿಮಗೆ ನಿದ್ದೆ ಇಲ್ಲ. ಆದ್ದರಿಂದ ‘ಮತ್ತೆ ಹೀಗಾದರೆ?’ ಎಂಬ ಅಳುಕು ಸಹಜ. ಆ ಅಳುಕನ್ನು ಮುಚ್ಚಿಟ್ಟುಕೊಳ್ಳಬೇಡಿ. ಅದನ್ನು ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿ ಕೇಳಿ.

‘ಈ ಕೆಲಸಕ್ಕೆ ದಿನಕ್ಕೆ ಎಂಟು ಗಂಟೆ ನಿಂತಿರಬೇಕು, ನಿಮ್ಮಿಂದ ಆಗುತ್ತದೆಯೇ?’ ‘ರಾತ್ರಿ ಪಾಳಿ ಇದೆ, ತೊಂದರೆ ಇಲ್ಲವೇ?’ ‘ತಪಾಸಣೆಗೆ ಹೋಗಲು ಯಾವ ದಿನ ಬಿಡುವು ಬೇಕು?’ ಇಷ್ಟು ಕೇಳಿದರೆ ನಿಮಗೆ ಬೇಕಾದದ್ದು ತಿಳಿಯುತ್ತದೆ. ಯಾವ ಕಾಯಿಲೆ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಮಕ್ಕಳಾಗುವುದಕ್ಕೆ ತೊಂದರೆಯೇ ಎಂದು ಕೇಳುವುದರಿಂದ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. ಎದುರು ಕೂತವರ ಮನಸ್ಸು ಮಾತ್ರ ಕುಗ್ಗುತ್ತದೆ. ಕೆಲವು ವಿಷಯಗಳಲ್ಲಿ ಕಾನೂನೂ ಸ್ಪಷ್ಟವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಕೆಲಸ ಕೊಡುವ ಮುನ್ನ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕೇಳುವಂತಿಲ್ಲ. ಮಾನಸಿಕ ಕಾಯಿಲೆಗೆ ಪಡೆದ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟ ಹಕ್ಕು.

ಒಬ್ಬರ ಮೇಲೆಯೇ ಎಲ್ಲ ಭಾರ ಬೀಳದಂತೆ ಕೆಲಸ ಹಂಚುವುದು ನಿಮ್ಮ ಕೈಯಲ್ಲಿದೆ. ಎರಡನೆಯವರಿಗೂ ಆ ಕೆಲಸ ಗೊತ್ತಿರಲಿ. ಬೀರುವಿನ ಕೀಲಿ, ಪೋರ್ಟಲ್‌ನ ಲಾಗಿನ್, ಗ್ರಾಹಕರ ಫೋನ್ ನಂಬರ್ ಒಂದು ಕಡೆ ಬರೆದಿಟ್ಟಿರಲಿ. ಕಾಯಿಲೆ ಬಂದು ಎದ್ದವರಿಗೇ ಮತ್ತೆ ಬರುತ್ತದೆ ಎಂದೇನಿಲ್ಲ. ಇವತ್ತು ಗಟ್ಟಿಮುಟ್ಟಾಗಿ ಇರುವವರಿಗೂ ನಾಳೆ ಬರಬಹುದು, ನಿಮಗೂ ಬರಬಹುದು. ಈ ವ್ಯವಸ್ಥೆ ಇದ್ದರೆ ಆಗಲೂ ಅಂಗಡಿಯ ಬಾಗಿಲು ತೆರೆದಿರುತ್ತದೆ.

ಯುವರಾಜ್ ಸಿಂಗ್ ನಿಮಗೆ ನೆನಪಿರಬಹುದು. 2011ರ ವಿಶ್ವಕಪ್‌ನಲ್ಲಿ ಸರಣಿಶ್ರೇಷ್ಠ ಆಟಗಾರ. ಮುಂದಿನ ವರ್ಷ ಅಮೆರಿಕದಲ್ಲಿ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆದರು. 2012ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಮತ್ತೆ ಭಾರತದ ಪರ ಆಡಿದರು. ಆ ದಿನ ಇಡೀ ದೇಶ ಸಂತೋಷಪಟ್ಟಿತು. ನಡುವಿನ ತಿಂಗಳುಗಳಿಗೆ ಅವರಿಂದ ಯಾರೂ ಸಮಜಾಯಿಷಿ ಕೇಳಲಿಲ್ಲ. ಕೀಮೋ ಮುಗಿಸಿಕೊಂಡು, ಕಿದ್ವಾಯಿ ಆಸ್ಪತ್ರೆಯಿಂದ ಊರಿಗೆ ಮರಳಿ, ಮತ್ತೆ ಪಾಠ ಹೇಳುತ್ತೇನೆ ಎಂದು ಬರುವ ಶಿಕ್ಷಕಿಯ ಧೈರ್ಯವೂ ಅದೇ ಜಾತಿಯದು. ಅವರಿಗೂ ಅಷ್ಟೇ ಸಂತೋಷದಿಂದ ಬನ್ನಿ ಎನ್ನಲು ನಮ್ಮಿಂದ ಸಾಧ್ಯವಿದೆ. ಆ ಮನಸ್ಸು ನಮಗಿದೆ ಎಂದು ನಾನು ನಂಬಿದ್ದೇನೆ.

ಹಿಂದೆ ಕೆಲಸ ಕೊಟ್ಟಿದ್ದವರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಒಂದು ಕಾಗದ. ನಿಮ್ಮಲ್ಲಿ ಒಂದು ವರ್ಷವೋ ಹತ್ತು ವರ್ಷವೋ ದುಡಿದವರು ಕಾಯಿಲೆಯಿಂದ ನಿಂತುಹೋಗಿದ್ದರೆ, ತಡವಾಗಿ ಬಂದು ಕೇಳಿದರೂ ಅನುಭವ ಪತ್ರ ಕೊಡಿ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಹುದ್ದೆಯಲ್ಲಿದ್ದರು, ಆರೋಗ್ಯದ ಕಾರಣದಿಂದ ಮುಂದುವರಿಯಲಾಗಲಿಲ್ಲ ಎಂದು ಎರಡು ಸಾಲು ಬರೆದು ಸಹಿ, ಮೊಹರು ಹಾಕಿದರೆ ಆಯಿತು. ಕಾಯಿಲೆಯ ಹೆಸರು ಬರೆಯಬೇಡಿ. ದಾಖಲೆಯಲ್ಲಿ ‘ಅಬ್‌ಸ್ಕಾಂಡಿಂಗ್’ ಎಂದಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ನೋಡಿ ಅದನ್ನು ತಿದ್ದಿಸಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವ ಸಂಸ್ಥೆಯವರು ಫೋನ್ ಮಾಡಿದಾಗ ಆ ಒಂದು ಟಿಪ್ಪಣಿಯನ್ನು ಯಾರೋ ಗುಮಾಸ್ತರು ಓದಿ ಹೇಳುತ್ತಾರೆ. ಅಲ್ಲಿಗೆ ಹೊಸ ಕೆಲಸದ ಬಾಗಿಲು ಮುಚ್ಚುತ್ತದೆ. ಬಾಕಿ ಸಂಬಳವಿದ್ದರೆ ಕೊಟ್ಟುಬಿಡಿ. ನೋಟಿಸ್ ಪೀರಿಯಡ್ ಮುಗಿಸಲಿಲ್ಲವೆಂದು ಹಿಡಿದುಕೊಂಡ ಹಣ ನಿಮ್ಮ ಲೆಕ್ಕದಲ್ಲಿ ಸಣ್ಣದು, ಅವರ ಮನೆಯಲ್ಲಿ ಔಷಧದ ಖರ್ಚು.

ಕಾಯಿಲೆ ಬಿದ್ದು ಎದ್ದು ಕೆಲಸ ಹುಡುಕುತ್ತಿರುವವರೇ, ನಿಮ್ಮೊಡನೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬೇಕಿದೆ. ನೀವು ಯಾವ ತಪ್ಪನ್ನೂ ಮಾಡಿಲ್ಲ. ಆದ್ದರಿಂದ ತಪ್ಪಿತಸ್ಥರಂತೆ ಮಾತು ಶುರು ಮಾಡಬೇಡಿ. ಸಂದರ್ಶನದಲ್ಲಿ ಹೇಳಬೇಕಾದದ್ದು ಬಹಳ ಕಡಿಮೆ. ‘ಹಿಂದಿನ ಕಡೆ ಇದ್ದಾಗ ಆರೋಗ್ಯ ಕೆಟ್ಟು ಆಸ್ಪತ್ರೆಗೆ ಸೇರಬೇಕಾಯಿತು, ನೋಟಿಸ್ ಕೊಡುವ ಸ್ಥಿತಿ ಇರಲಿಲ್ಲ. ಚಿಕಿತ್ಸೆ ಮುಗಿದಿದೆ, ಈ ಕೆಲಸ ಮಾಡಬಹುದೆಂದು ವೈದ್ಯರು ಹೇಳಿದ್ದಾರೆ.’ ಇಷ್ಟು ಹೇಳಿ, ತಡಮಾಡದೆ ಕೆಲಸದ ಮಾತಿಗೆ ಬನ್ನಿ. ಮನೆಯಲ್ಲಿ ಯಾರಾದರೂ ಎದುರು ಕೂತು ಕೇಳಲಿ, ಎರಡು ಮೂರು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಬಾಯಿಗೆ ಬರುವವರೆಗೆ ಈ ಮಾತು ಕಷ್ಟವೇ. ಕೆಲವರಿಗೆ ಕಣ್ಣು ತುಂಬುತ್ತದೆ. ಆ ಅಳು ಮನೆಯಲ್ಲಿ ಮುಗಿದರೆ ಸಂದರ್ಶನದಲ್ಲಿ ಧ್ವನಿ ಗಟ್ಟಿಯಾಗಿರುತ್ತದೆ. ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ಹಾಗೆಂದೇ ಹೇಳಿ, ತಿಂಗಳಿಗೆ ಎಷ್ಟು ದಿನ ಬಿಡುವು ಬೇಕಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಿ.

ಕಾಯಿಲೆಯ ಹೆಸರು ಹೇಳಲೇಬೇಕು ಎಂದು ತಿಳಿಯಬೇಡಿ. ಹೇಳಬೇಕೆನಿಸಿದರೆ ಹೇಳಿ, ಬೇಡವೆನಿಸಿದರೆ ‘ವಿವರ ನನ್ನ ವೈಯಕ್ತಿಕ ವಿಷಯ, ಫಿಟ್‌ನೆಸ್ ಸರ್ಟಿಫಿಕೇಟ್ ತಂದಿದ್ದೇನೆ’ ಎಂದು ವಿನಯದಿಂದ ಹೇಳಿ. ಚಾಲಕರ ಕೆಲಸದಂತೆ, ಇತರರ ಪ್ರಾಣದ ಹೊಣೆ ಇರುವ ಕಡೆ ವೈದ್ಯಕೀಯ ತಪಾಸಣೆ ಇರುತ್ತದೆ. ಅಲ್ಲಿ ಮಾತ್ರ ಏನನ್ನೂ ಮುಚ್ಚಿಡಬೇಡಿ. ಮನಸ್ಸಿನ ಕಾಯಿಲೆಯಿಂದ ಕೆಲಸ ಬಿಟ್ಟವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮದೂ ಆರೋಗ್ಯದ ಕಾರಣವೇ. ‘ಆರೋಗ್ಯ ಸರಿ ಇರಲಿಲ್ಲ’ ಎಂದರೆ ನೀವು ಸುಳ್ಳು ಹೇಳಿದಂತಾಗುವುದಿಲ್ಲ. ಸಂದರ್ಶನದ ಯೋಚನೆಗೇ ಎದೆ ಡವಗುಟ್ಟಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಒಂದು ಎಚ್ಚರಿಕೆ, ಅಕ್ಕರೆಯಿಂದ. ದಿನಾಂಕಗಳನ್ನು ಎಳೆದು ಗ್ಯಾಪ್ ಮುಚ್ಚಬೇಡಿ. ಹಾಗೆ ಮಾಡಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳಿವೆ, ಸುಳ್ಳು ಅನುಭವ ಪತ್ರವನ್ನೂ ಮಾರುತ್ತವೆ. ಪಿಎಫ್ ಖಾತೆಯಲ್ಲಿ ನೀವು ಎಲ್ಲಿ ಎಷ್ಟು ದಿನ ಇದ್ದಿರಿ ಎಂಬ ದಾಖಲೆ ಇರುತ್ತದೆ. ಹೊಸ ಕಂಪನಿ ಅದನ್ನು ನೋಡುತ್ತದೆ. ಕಾಯಿಲೆಯನ್ನು ಕ್ಷಮಿಸುವವರೂ ಸುಳ್ಳು ದಾಖಲೆಯನ್ನು ಕ್ಷಮಿಸಲಾರರು. ಹಳೆಯ ಕಂಪನಿ ನೀವು ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದರೆ, ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದ ಮೇಲೆ ಯುಎಎನ್ ಬಳಸಿ ಪಿಎಫ್ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು.

ಹಳೆಯ ಆಫೀಸಿಗೆ ಇಂದೇ ಒಂದು ಪತ್ರ ಬರೆಯಿರಿ. ಎಷ್ಟು ತಡವಾಗಿದ್ದರೂ ಅಡ್ಡಿಯಿಲ್ಲ. ಇಂಥ ದಿನ ಆಸ್ಪತ್ರೆ ಸೇರಿದೆ, ತಿಳಿಸಲು ಆಗಲಿಲ್ಲ, ನಿಮಗೆ ಆದ ತೊಂದರೆಗೆ ವಿಷಾದವಿದೆ, ದಾಖಲೆ ಸರಿಪಡಿಸಿ ಅನುಭವ ಪತ್ರ ಕೊಡಬೇಕಾಗಿ ವಿನಂತಿ. ಇಮೇಲ್ ಮಾಡಿ, ಅಂಚೆಯಲ್ಲೂ ಕಳಿಸಿ. ಉತ್ತರ ಬಾರದಿದ್ದರೂ ಆ ಪತ್ರದ ಪ್ರತಿ ನಿಮ್ಮ ಬಳಿ ಇರುತ್ತದೆ. ನೀವು ತಿಳಿಸಲು ಪ್ರಯತ್ನಿಸಿದಿರಿ ಎಂಬುದಕ್ಕೆ ಅದು ಸಾಕ್ಷಿ. ಅದರ ಜೊತೆಗೆ ಡಿಸ್ಚಾರ್ಜ್ ಚೀಟಿ, ಸಂಬಳದ ಸ್ಲಿಪ್‌ಗಳು, ನೇಮಕಾತಿ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಡಿಸ್ಚಾರ್ಜ್ ಚೀಟಿಯನ್ನು ಕೇಳಿದವರಿಗೆಲ್ಲ ಕೊಡಬೇಡಿ. ಅದರಲ್ಲಿ ನಿಮ್ಮ ದೇಹದ ಎಲ್ಲ ವಿವರವೂ ಇರುತ್ತದೆ. ಬಹಳಷ್ಟು ಕಡೆ ಫಿಟ್‌ನೆಸ್ ಸರ್ಟಿಫಿಕೇಟ್ ಸಾಕು.

ಮನೆಯವರು ಮಾಡಬಹುದಾದದ್ದೂ ಇದೆ. ನಿಮ್ಮ ಮಗ, ಮಗಳು, ಪತಿ, ಪತ್ನಿ ಎಲ್ಲಿ ಕೆಲಸ ಮಾಡುತ್ತಾರೆ, ಅವರ ಮೇಲಿನವರು ಯಾರು, ಅವರ ಫೋನ್ ನಂಬರ್ ಏನು ಎಂದು ಇಂದು ರಾತ್ರಿ ಊಟದ ಹೊತ್ತಿಗೆ ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಸೇರಿಸಿದ ದಿನವೇ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೂ ಸಾಕು. ‘ನಾನು ಇಂಥವರ ತಂದೆ. ಮಗನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ವೈದ್ಯರು ಹೇಳಿದ ಮೇಲೆ ತಿಳಿಸುತ್ತೇನೆ.’ ಆ ಒಂದು ಸಂದೇಶವಿದ್ದರೆ ಓಡಿಹೋದರು ಎಂದು ಬರೆಯಲು ಯಾರಿಗೂ ಕೈ ಬರುವುದಿಲ್ಲ.

ಜೊತೆಯಲ್ಲಿ ಕೆಲಸ ಮಾಡಿದವರೇ, ನಿಮ್ಮನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಪಕ್ಕದ ಮೇಜಿನವರು ಬರುವುದು ನಿಂತಾಗ ಮೊದಲು ತಿಳಿಯುವುದು ನಿಮಗೆ. ಬಹಳ ಮಂದಿ ಸಂಕೋಚದಿಂದ ಸುಮ್ಮನಾಗುತ್ತಾರೆ. ಕಾಯಿಲೆಯಲ್ಲಿದ್ದಾಗ ಫೋನ್ ಮಾಡಿ ತೊಂದರೆ ಕೊಡುವುದು ಬೇಡ ಎಂದುಕೊಳ್ಳುತ್ತಾರೆ. ಹಾಗೆ ತಿಂಗಳುಗಳು ಕಳೆದು ಸಂಪರ್ಕವೇ ತಪ್ಪಿಹೋಗುತ್ತದೆ. ಅತ್ತ ಆ ಮನುಷ್ಯ ಹೊಸ ಅರ್ಜಿಯಲ್ಲಿ ರೆಫರೆನ್ಸ್ ಎಂಬ ಜಾಗಕ್ಕೆ ಯಾರ ಹೆಸರು ಬರೆಯುವುದೆಂದು ತಿಳಿಯದೆ ಕೂತಿರುತ್ತಾರೆ. ಇದನ್ನು ಓದುವಾಗ ನಿಮಗೂ ಒಬ್ಬರ ಮುಖ ನೆನಪಿಗೆ ಬಂದಿರಬಹುದು. ಈ ವಾರ ಅವರಿಗೆ ಫೋನ್ ಮಾಡಿ. ಕಾಯಿಲೆಯ ಕಥೆ ಕೇಳಬೇಡಿ, ಅವರೇ ಹೇಳಿದರೆ ಕೇಳಿಸಿಕೊಳ್ಳಿ. ‘ಕೆಲಸ ನೋಡುತ್ತಿದ್ದೀರಾ? ರೆಫರೆನ್ಸ್‌ಗೆ ನನ್ನ ಹೆಸರು, ನಂಬರ್ ಹಾಕಿಕೊಳ್ಳಿ’ ಎನ್ನಿ. ಆ ಹೊಸ ಕಂಪನಿಯಿಂದ ನಿಮಗೆ ಕರೆ ಬಂದಾಗ ಒಳ್ಳೆಯವರು, ಸಭ್ಯರು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಅವರು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ನೆನಪಿಸಿಕೊಂಡು, ಎಲ್ಲಿ, ಯಾವಾಗ, ಹೇಗೆ ಮಾಡಿದರು ಎಂದು ವಿವರವಾಗಿ ಹೇಳಿ.